ಏಣಿ, ಜಲಾಶಯ, ತಿಥಿ: ಒಂದಕ್ಕೊಂದು ಬೆಸೆದ ದರಗಳ ಗಣಿತ

ಮುಂಗಾರಿನ ತಿಂಗಳುಗಳಲ್ಲಿ ಕನ್ನಡ ದಿನಪತ್ರಿಕೆಗಳು ಜಲಾಶಯಗಳ ನೀರಿನ ಮಟ್ಟವನ್ನು ಅಡಿಗಳಲ್ಲಿಯೂ ಸಂಗ್ರಹವನ್ನು ಟಿಎಂಸಿಯಲ್ಲಿಯೂ ಒಳಹರಿವನ್ನು ಕ್ಯೂಸೆಕ್‌ನಲ್ಲಿಯೂ ದಿನಬಿಡದೆ ಪ್ರಕಟಿಸುತ್ತವೆ. ಈ ಮೂರರಲ್ಲಿ ಮೊದಲಿನ ಎರಡು ಅಂಕಿಗಳು ನೀರು ಸದ್ಯ ಎಷ್ಟಿದೆ ಎಂಬುದನ್ನು ತಿಳಿಸಿದರೆ, ಮೂರನೆಯದು ಅದು ಎಷ್ಟು ವೇಗವಾಗಿ ಬಂದು ಸೇರುತ್ತಿದೆ ಎಂಬುದನ್ನು ತಿಳಿಸುತ್ತದೆ. ಒಳಹರಿವು ಒಂದೇ ಪ್ರಮಾಣದಲ್ಲಿ ಮುಂದುವರಿದರೂ ಜಲಾಶಯ ತುಂಬುತ್ತ ಬಂದಂತೆ ಮಟ್ಟದ ಏರಿಕೆ ನಿಧಾನವಾಗುತ್ತದೆ. ನೀರು ಸೇರುವ ದರಕ್ಕೂ ಮಟ್ಟ ಏರುವ ದರಕ್ಕೂ ನಂಟಿದೆ, ಆದರೆ ಆ ನಂಟು ಎಲ್ಲ ಹೊತ್ತಿನಲ್ಲಿಯೂ ಒಂದೇ ಅಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಎರಡು ರಾಶಿಗಳು ಯಾವುದೋ ನಿಯಮದಿಂದ ಒಂದಕ್ಕೊಂದು ಬೆಸೆದುಕೊಂಡಿದ್ದು, ಅವುಗಳಲ್ಲಿ ಒಂದು ಬದಲಾಗುವ ದರ ತಿಳಿದಿರುವಾಗ ಮತ್ತೊಂದರ ದರವನ್ನು ಕಂಡುಹಿಡಿಯುವ ಲೆಕ್ಕಗಳನ್ನು ಕಲನಶಾಸ್ತ್ರದಲ್ಲಿ ಸಂಬಂಧಿತ ದರಗಳ ಲೆಕ್ಕಗಳೆಂದು ಕರೆಯಲಾಗುತ್ತದೆ. ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಅವಕಲನದ ಅನ್ವಯಗಳನ್ನು ಕಲಿಯುವಾಗ ಮೊದಲು ಎದುರಿಸುವುದು ಇವುಗಳನ್ನೇ. ಅವಕಲನದ ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿದವರೂ ಇಲ್ಲಿ ಎಡವುತ್ತಾರೆ. ಏಕೆಂದರೆ ಇಲ್ಲಿನ ತೊಡಕು ಸೂತ್ರದಲ್ಲಿಲ್ಲ, ಯಾವುದನ್ನು ಯಾವಾಗ ಮಾಡಬೇಕೆಂಬ ಕ್ರಮದಲ್ಲಿದೆ.

ದರ ಎಂದರೇನು

ಒಂದು ರಾಶಿ ಎಷ್ಟು ಬದಲಾಯಿತು ಎಂಬುದನ್ನು ಅದಕ್ಕೆ ಹಿಡಿದ ಕಾಲದಿಂದ ಭಾಗಿಸಿದರೆ ಸರಾಸರಿ ದರ ಸಿಗುತ್ತದೆ. ಆ ಕಾಲಾವಧಿಯನ್ನು ಕಿರಿದುಗೊಳಿಸುತ್ತ ಹೋದಾಗ ಭಾಗಲಬ್ಧವು ಯಾವ ಬೆಲೆಯನ್ನು ಸಮೀಪಿಸುತ್ತದೆಯೋ ಅದೇ ಆ ಕ್ಷಣದ ದರ. ಅದನ್ನು ಕಂಡುಕೊಳ್ಳುವ ಕ್ರಿಯೆಯೇ ಅವಕಲನ. 17ನೆಯ ಶತಮಾನದಲ್ಲಿ ಐಸಾಕ್ ನ್ಯೂಟನ್ ಈ ವಿಷಯವನ್ನು ಚಲನೆಯ ಭಾಷೆಯಲ್ಲಿಯೇ ಆಲೋಚಿಸಿದ. ಕಾಲದೊಡನೆ ಹರಿಯುತ್ತ ಬೆಳೆಯುವ ರಾಶಿಗಳನ್ನು ಆತ ಫ್ಲೂಯೆಂಟ್‌ಗಳೆಂದೂ ಅವು ಹರಿಯುವ ವೇಗವನ್ನು ಫ್ಲಕ್ಷನ್ ಎಂದೂ ಕರೆದು, ರಾಶಿಯ ಅಕ್ಷರದ ಮೇಲೆ ಒಂದು ಚುಕ್ಕೆಯನ್ನಿಟ್ಟು ಅದರ ವೇಗವನ್ನು ಸೂಚಿಸುವ ರೂಢಿಯನ್ನು ತಂದ. ಈ ವಿಷಯದ ಆತನ ಗ್ರಂಥ 1671ರ ಹೊತ್ತಿಗೆ ಸಿದ್ಧವಾಗಿದ್ದರೂ ಅಚ್ಚಾದದ್ದು 1736ರಲ್ಲಿ, ಆತ ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ. ಸ್ವತಂತ್ರವಾಗಿ ಇದೇ ಶಾಸ್ತ್ರವನ್ನು ಕಟ್ಟಿ 1684ರಲ್ಲಿ ಪ್ರಕಟಿಸಿದ ಲೈಬ್ನಿಟ್ಸ್‌ನ ಸಂಕೇತಗಳು ಇಂದಿನ ಪಠ್ಯಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದರೂ, ಸಂಬಂಧಿತ ದರಗಳ ಲೆಕ್ಕಗಳ ಹಿಂದಿರುವ ಕಲ್ಪನೆ ನ್ಯೂಟನ್ನನದು: ರಾಶಿಗಳ ನಡುವೆ ಒಂದು ಸಮೀಕರಣವಿದ್ದರೆ, ಅವುಗಳ ವೇಗಗಳ ನಡುವೆಯೂ ಒಂದು ಸಮೀಕರಣ ಇದ್ದೇ ತೀರಬೇಕು.

ಈ ಲೆಕ್ಕಗಳಿಗೆ ಪಠ್ಯಪುಸ್ತಕಗಳಲ್ಲಿ ಸ್ಥಾನ ದೊರೆತದ್ದು 19ನೆಯ ಶತಮಾನದಲ್ಲಿ. ಲಂಡನ್ನಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾಗಿದ್ದ ವಿಲಿಯಂ ರಿಚಿ 1836ರಲ್ಲಿ ಪ್ರಕಟಿಸಿದ ಕಲನಶಾಸ್ತ್ರದ ಪುಸ್ತಕದಲ್ಲಿ, ಕಾಯಿಸಿದಾಗ ಹಿಗ್ಗುವ ಲೋಹದ ತಟ್ಟೆಯ ವಿಸ್ತೀರ್ಣ ಎಷ್ಟು ವೇಗವಾಗಿ ಹೆಚ್ಚುತ್ತದೆ ಎಂಬಂತಹ ಪ್ರಶ್ನೆಗಳನ್ನು ಮುಂದಿಟ್ಟ. ಪ್ರೌಢ ಗಣಿತದ ಪರಿಚಯವಿಲ್ಲದವರಿಗೂ ಶಾಸ್ತ್ರದ ತಿರುಳನ್ನು ಚಲನೆಯ ಮೂಲಕ ಮುಟ್ಟಿಸಬಹುದೆಂಬುದು ಆತನ ನಂಬಿಕೆಯಾಗಿತ್ತು.

ಗೋಡೆಗೆ ಒರಗಿದ ಏಣಿ

ಈ ವರ್ಗದ ಲೆಕ್ಕಗಳಲ್ಲಿ ಎಲ್ಲೆಡೆ ಕಾಣಸಿಗುವುದು ಏಣಿಯ ಲೆಕ್ಕ. 5 ಮೀಟರ್ ಉದ್ದದ ಏಣಿಯೊಂದು ಗೋಡೆಗೆ ಒರಗಿದೆ. ಅದರ ಬುಡವನ್ನು ಸೆಕೆಂಡಿಗೆ 0.5 ಮೀಟರ್ ವೇಗದಲ್ಲಿ ಗೋಡೆಯಿಂದ ಆಚೆಗೆ ಎಳೆಯಲಾಗುತ್ತಿದೆ. ಬುಡವು ಗೋಡೆಯಿಂದ 3 ಮೀಟರ್ ದೂರದಲ್ಲಿರುವ ಕ್ಷಣದಲ್ಲಿ ತುದಿಯು ಎಷ್ಟು ವೇಗವಾಗಿ ಇಳಿಯುತ್ತಿರುತ್ತದೆ ಎಂಬುದು ಪ್ರಶ್ನೆ.

ಗೋಡೆ, ನೆಲ ಮತ್ತು ಏಣಿ ಸೇರಿ ಲಂಬಕೋನ ತ್ರಿಭುಜವಾಗುವುದರಿಂದ, ಬುಡದ ದೂರವನ್ನು ದೂ ಎಂದೂ ತುದಿಯ ಎತ್ತರವನ್ನು ಎ ಎಂದೂ ಕರೆದರೆ ಪೈಥಾಗೊರಸ್ ಪ್ರಮೇಯದಂತೆ ದೂ² + ಎ² = 25 ಆಗುತ್ತದೆ. ಏಣಿ ಜಾರುತ್ತಿರುವಷ್ಟು ಹೊತ್ತೂ, ಪ್ರತಿಯೊಂದು ಕ್ಷಣದಲ್ಲಿಯೂ, ಈ ಸಮೀಕರಣ ಸತ್ಯ. ಬುಡದ ದೂರ 3 ಮೀಟರ್ ಎಂಬ ಮಾತಾದರೋ ಒಂದೇ ಒಂದು ಕ್ಷಣಕ್ಕೆ ಸತ್ಯ. ಲೆಕ್ಕದ ಮರ್ಮವೆಲ್ಲ ಈ ಎರಡು ಬಗೆಯ ಸತ್ಯಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದರಲ್ಲಿದೆ. ದೂರದ ಜಾಗದಲ್ಲಿ ಮೊದಲೇ 3 ಎಂದು ಬರೆದುಬಿಟ್ಟರೆ, ಎತ್ತರ 4 ಎಂದು ಬರುತ್ತದೆ, ಮತ್ತು ಸಮೀಕರಣವು 9 + 16 = 25 ಎಂಬ ನಿಶ್ಚಲ ಸಂಖ್ಯೆಗಳ ಸಾಲಾಗಿ ಉಳಿಯುತ್ತದೆ. ಬದಲಾಗದ ಸಂಖ್ಯೆಯ ದರ ಶೂನ್ಯವಾದ್ದರಿಂದ ಆಮೇಲೆ ಎಷ್ಟು ಅವಕಲನ ಮಾಡಿದರೂ ಸಿಗುವುದು ಶೂನ್ಯವೇ. ಆದುದರಿಂದ ಎಲ್ಲ ಕ್ಷಣಗಳಿಗೂ ಸಲ್ಲುವ ಸಂಬಂಧವನ್ನು ಮೊದಲು ಅವಕಲಿಸಿ, ಒಂದು ಕ್ಷಣಕ್ಕೆ ಮಾತ್ರ ಸಲ್ಲುವ ಸಂಖ್ಯೆಗಳನ್ನು ಕೊನೆಯಲ್ಲಿ ತುಂಬಬೇಕು. ಏಣಿಯ ಉದ್ದ 5 ಮೀಟರ್ ಎಂಬುದನ್ನು ಮಾತ್ರ ಆರಂಭದಲ್ಲಿಯೇ ಬರೆಯಬಹುದು, ಏಕೆಂದರೆ ಅದು ಎಂದಿಗೂ ಬದಲಾಗುವುದಿಲ್ಲ.

ವರ್ಗದ ದರವನ್ನು ಪಡೆಯುವುದು ಕಠಿಣವಲ್ಲ. 3ರ ವರ್ಗ 9, 3.001ರ ವರ್ಗ 9.006001. ದೂರವು 0.001 ಹೆಚ್ಚಿದಾಗ ಅದರ ವರ್ಗವು ಹೆಚ್ಚುಕಡಿಮೆ 0.006, ಎಂದರೆ ಆ ಹೆಚ್ಚಳದ ಆರರಷ್ಟು ಹೆಚ್ಚಿತು. ಈ ಆರು ಬಂದದ್ದು 3ರ ಇಮ್ಮಡಿಯಿಂದ. ದೂರವು ಕಾಲದೊಡನೆಯೂ ವರ್ಗವು ದೂರದೊಡನೆಯೂ ಬದಲಾಗುವುದರಿಂದ, ಕಾಲದೊಡನೆ ವರ್ಗವು ಬದಲಾಗುವ ದರವು ಈ ಎರಡು ದರಗಳ ಗುಣಲಬ್ಧ. ಇದನ್ನೇ ಸರಪಳಿ ನಿಯಮ ಎನ್ನುತ್ತಾರೆ. ಹೀಗಾಗಿ ಏಣಿಯ ಸಮೀಕರಣದಿಂದ ಹುಟ್ಟುವ ದರಗಳ ಸಮೀಕರಣ ಹೀಗಿರುತ್ತದೆ:

2 × ದೂ × (ದೂರದ ದರ) + 2 × ಎ × (ಎತ್ತರದ ದರ) = 0

ಈಗ ಸಂಖ್ಯೆಗಳ ಸರದಿ. ದೂರ 3, ಅದರ ದರ 0.5, ಎತ್ತರ 4 ಎಂದು ತುಂಬಿದರೆ 3 + 8 × (ಎತ್ತರದ ದರ) = 0 ಆಗಿ, ಎತ್ತರದ ದರ ಸೆಕೆಂಡಿಗೆ −0.375 ಮೀಟರ್ ಎಂದು ಬರುತ್ತದೆ. ಋಣಚಿಹ್ನೆಯು ಎತ್ತರ ಕಡಿಮೆಯಾಗುತ್ತಿದೆ ಎಂಬುದನ್ನು ಹೇಳುತ್ತದೆ. ಈ ಉತ್ತರವನ್ನು ಕಲನಶಾಸ್ತ್ರದ ನೆರವಿಲ್ಲದೆಯೂ ಪರಿಶೀಲಿಸಬಹುದು. ಒಂದು ಸೆಕೆಂಡಿನ ನಂತರ ಬುಡ 3.5 ಮೀಟರ್ ದೂರಕ್ಕೆ ಸರಿದಿದ್ದು, ತುದಿ 0.429 ಮೀಟರ್ ಇಳಿದಿರುತ್ತದೆ. ಅವಧಿಯನ್ನು ಸೆಕೆಂಡಿನ ನೂರನೆಯ ಒಂದು ಭಾಗಕ್ಕೆ ಇಳಿಸಿದರೆ ಸರಾಸರಿ ವೇಗವು ಸೆಕೆಂಡಿಗೆ 0.3755 ಮೀಟರ್‌ಗೆ ತಗ್ಗುತ್ತದೆ. ಅವಧಿ ಕಿರಿದಾದಂತೆಲ್ಲ ಅದು 0.375ನ್ನು ಸಮೀಪಿಸುತ್ತದೆ.

ಸಮೀಕರಣದ ಎಲ್ಲೆ

ಅದೇ ಸಮೀಕರಣವನ್ನು ಮುಂದುವರಿಸಿದರೆ ವಿಚಿತ್ರವೊಂದು ತೋರುತ್ತದೆ. ಬುಡವು 4 ಮೀಟರ್ ದೂರದಲ್ಲಿದ್ದಾಗ ತುದಿಯ ವೇಗ ಸೆಕೆಂಡಿಗೆ 0.67 ಮೀಟರ್, 4.8 ಮೀಟರ್ ದೂರದಲ್ಲಿದ್ದಾಗ 1.71 ಮೀಟರ್, 4.99 ಮೀಟರ್ ದೂರದಲ್ಲಿದ್ದಾಗ ಸುಮಾರು 7.9 ಮೀಟರ್. ಎತ್ತರವು ಶೂನ್ಯವನ್ನು ಸಮೀಪಿಸಿದಂತೆ ತುದಿಯ ವೇಗ ಎಲ್ಲೆಯಿಲ್ಲದೆ ಬೆಳೆಯುತ್ತದೆ. ಬುಡವನ್ನು ಮೆಲ್ಲಗೆ ಎಳೆದರೆ ಸಾಕು, ತುದಿಯು ಬೆಳಕನ್ನೂ ಮೀರಿಸುವ ವೇಗದಲ್ಲಿ ನೆಲಕ್ಕಪ್ಪಳಿಸಬೇಕು ಎಂದಂತಾಯಿತು. ಯಾವ ಏಣಿಯೂ ಹಾಗೆ ಬೀಳುವುದಿಲ್ಲ.

ಇಲ್ಲಿ ಅವಕಲನದಲ್ಲಿ ತಪ್ಪಿಲ್ಲ. ತಪ್ಪಿರುವುದು ಆರಂಭದ ಸಂಬಂಧವನ್ನು ಕೊನೆಯವರೆಗೂ ನಂಬಿದ್ದರಲ್ಲಿ. ದೂ² + ಎ² = 25 ಎಂಬುದು ತುದಿಯು ಗೋಡೆಗೆ ಅಂಟಿಕೊಂಡೇ ಜಾರುತ್ತದೆ ಎಂಬ ಷರತ್ತಿಗೆ ಒಳಪಟ್ಟಿದೆ. ಆ ಷರತ್ತನ್ನು ಪಾಲಿಸಬೇಕಾದರೆ ಕೊನೆಯ ಹಂತದಲ್ಲಿ ತುದಿಯ ವೇಗ ಹೆಚ್ಚಬೇಕಾದ ರಭಸವನ್ನು ಗುರುತ್ವಾಕರ್ಷಣೆ ಒದಗಿಸಲಾರದು, ಗೋಡೆಯೂ ಏಣಿಯನ್ನು ತನ್ನತ್ತ ಎಳೆದು ಹಿಡಿದುಕೊಳ್ಳಲಾರದು. ಆದುದರಿಂದ ನೆಲ ಮುಟ್ಟುವ ಮೊದಲೇ ತುದಿಯು ಗೋಡೆಯನ್ನು ಬಿಟ್ಟು ಈಚೆಗೆ ಬರುತ್ತದೆ. ಆ ಕ್ಷಣದಿಂದ ತ್ರಿಭುಜವೂ ಇಲ್ಲ, ಅದರ ಸಮೀಕರಣವೂ ಇಲ್ಲ. ಸಂಬಂಧವು ಎಲ್ಲಿಯವರೆಗೆ ಸಲ್ಲುತ್ತದೆಯೋ ಅದರಿಂದ ಪಡೆದ ದರಗಳೂ ಅಲ್ಲಿಯವರೆಗೆ ಮಾತ್ರ ಸಲ್ಲುತ್ತವೆ.

ಪಾತ್ರೆಯಿಂದ ಜಲಾಶಯಕ್ಕೆ

ಎರಡನೆಯ ಪ್ರಸಿದ್ಧ ಲೆಕ್ಕ ತಲೆಕೆಳಗಾದ ಶಂಕುವಿನ ಆಕಾರದ ತೊಟ್ಟಿಯದು. ಬಾಯಿಯ ತ್ರಿಜ್ಯ 2 ಮೀಟರ್, ಆಳ 4 ಮೀಟರ್ ಇರುವ ತೊಟ್ಟಿಗೆ ನಿಮಿಷಕ್ಕೆ 500 ಲೀಟರ್, ಎಂದರೆ ಅರ್ಧ ಘನಮೀಟರ್ ನೀರು ಬೀಳುತ್ತಿದ್ದು, ನೀರಿನ ಆಳ 3 ಮೀಟರ್ ಇರುವಾಗ ಮಟ್ಟ ಎಷ್ಟು ವೇಗವಾಗಿ ಏರುತ್ತಿರುತ್ತದೆ? ಶಂಕುವಿನ ಘನಫಲವು ಪೈ, ತ್ರಿಜ್ಯದ ವರ್ಗ ಮತ್ತು ಎತ್ತರಗಳ ಗುಣಲಬ್ಧದ ಮೂರನೆಯ ಒಂದು ಭಾಗ. ಇಲ್ಲಿ ತ್ರಿಜ್ಯ ಮತ್ತು ಆಳ ಎರಡೂ ಬದಲಾಗುತ್ತಿರುತ್ತವೆ. ಆದರೆ ಸಮರೂಪ ತ್ರಿಭುಜಗಳ ನಿಯಮದಂತೆ ನೀರಿನ ಮೇಲ್ಮೈಯ ತ್ರಿಜ್ಯವು ಯಾವಾಗಲೂ ಆಳದ ಅರ್ಧ. ಈ ಸಂಬಂಧವೂ ಎಲ್ಲ ಕ್ಷಣಗಳಿಗೆ ಸಲ್ಲುವುದರಿಂದ ಅದನ್ನು ಮೊದಲೇ ಬಳಸಿ ತ್ರಿಜ್ಯವನ್ನು ಕೈಬಿಡಬಹುದು. ಹಾಗೆ ಮಾಡಿದಾಗ ಘನಫಲವು ಪೈ ಮತ್ತು ಆಳದ ಘನದ ಗುಣಲಬ್ಧದ ಹನ್ನೆರಡನೆಯ ಒಂದು ಭಾಗವಾಗುತ್ತದೆ. ಅದನ್ನು ಅವಕಲಿಸಿ ಸಂಖ್ಯೆಗಳನ್ನು ತುಂಬಿದರೆ ಮಟ್ಟವು ನಿಮಿಷಕ್ಕೆ ಸುಮಾರು 7 ಸೆಂಟಿಮೀಟರ್ ಏರುತ್ತಿದೆ ಎಂಬ ಉತ್ತರ ಬರುತ್ತದೆ. ಆ ಕ್ಷಣದಲ್ಲಿ ತ್ರಿಜ್ಯ 1.5 ಮೀಟರ್ ಇದೆಯೆಂದು ಅದನ್ನು ಮೊದಲೇ ಸ್ಥಿರಾಂಕವಾಗಿಸಿ ಬರೆದವರಿಗೆ 21 ಸೆಂಟಿಮೀಟರ್ ಎಂಬ, ಸರಿ ಉತ್ತರದ ಮೂರರಷ್ಟಿರುವ ತಪ್ಪು ಉತ್ತರ ಸಿಗುತ್ತದೆ.

ಈ ಲೆಕ್ಕದೊಳಗೆ ಶಂಕುವಿಗಿಂತ ದೊಡ್ಡ ಮಾತೊಂದಿದೆ. ಆಳ 3 ಮೀಟರ್ ಇರುವಾಗ ನೀರಿನ ಮೇಲ್ಮೈ ವಿಸ್ತೀರ್ಣ ಸುಮಾರು 7.07 ಚದರ ಮೀಟರ್. ನಿಮಿಷಕ್ಕೆ ಬೀಳುವ ಅರ್ಧ ಘನಮೀಟರನ್ನು ಅದರಿಂದ ಭಾಗಿಸಿದರೆ ಅದೇ 7 ಸೆಂಟಿಮೀಟರ್ ಬರುತ್ತದೆ. ಹೊಸದಾಗಿ ಬಂದ ನೀರು ಆ ಕ್ಷಣದ ಮೇಲ್ಮೈಯ ಮೇಲೆ ತೆಳುವಾದ ಪದರವಾಗಿ ಹರಡುವುದರಿಂದ, ಪಾತ್ರೆಯ ಆಕಾರ ಯಾವುದೇ ಇರಲಿ, ಮಟ್ಟದ ದರವು ನೀರು ಸೇರುವ ದರವನ್ನು ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿದಷ್ಟೇ. ಶಂಕುವಿನಲ್ಲಿ ಆಳ 1 ಮೀಟರ್ ಇದ್ದಾಗಿನ ಮೇಲ್ಮೈಗೆ ಹೋಲಿಸಿದರೆ 3 ಮೀಟರ್ ಆಳದಲ್ಲಿ ಅದು ಒಂಬತ್ತು ಪಟ್ಟು ದೊಡ್ಡದಾದ್ದರಿಂದ, ಮಟ್ಟದ ಏರಿಕೆಯೂ ನಿಮಿಷಕ್ಕೆ 64 ಸೆಂಟಿಮೀಟರ್‌ನಿಂದ ಅದರ ಒಂಬತ್ತನೆಯ ಒಂದು ಭಾಗಕ್ಕೆ ಇಳಿದಿರುತ್ತದೆ.

ಜಲಾಶಯಗಳಿಗೂ ಇದೇ ನಿಯಮ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ, ಸುಮಾರು 11,574 ಕ್ಯೂಸೆಕ್ ಹರಿವು ಇಡೀ ದಿನ ಮುಂದುವರಿದರೆ ಒಂದು ಟಿಎಂಸಿ ನೀರು ಕೂಡುತ್ತದೆ. ನೀರು ನಿಂತ ಪ್ರದೇಶ 50 ಚದರ ಕಿಲೋಮೀಟರ್ ಇರುವ ಜಲಾಶಯದಲ್ಲಿ ಒಂದು ಟಿಎಂಸಿ ನೀರು ಮಟ್ಟವನ್ನು ಸುಮಾರು 57 ಸೆಂಟಿಮೀಟರ್ ಏರಿಸುತ್ತದೆ. ನೀರು ಹರಡಿಕೊಂಡು ಆ ಪ್ರದೇಶ 100 ಚದರ ಕಿಲೋಮೀಟರ್‌ಗೆ ಹಿಗ್ಗಿದ ಮೇಲೆ ಅಷ್ಟೇ ನೀರು ಏರಿಸುವುದು 28 ಸೆಂಟಿಮೀಟರ್ ಮಾತ್ರ. ಗರಿಷ್ಠ ಮಟ್ಟ 124.80 ಅಡಿ ಮತ್ತು ಪೂರ್ಣ ಸಾಮರ್ಥ್ಯ ಸುಮಾರು 49.45 ಟಿಎಂಸಿ ಇರುವ ಕೃಷ್ಣರಾಜಸಾಗರದ ವಿಷಯದಲ್ಲಿಯೂ, ಕೊನೆಯ ಅಡಿಗಳು ತುಂಬಲು ಕೆಳಗಿನ ಅಡಿಗಳಿಗಿಂತ ಹೆಚ್ಚು ನೀರು ಬೇಕಾಗುವುದಕ್ಕೆ ಇದೇ ಕಾರಣ. ಬೇಸಿಗೆಯಲ್ಲಿ ಇದರ ಇನ್ನೊಂದು ಮಗ್ಗುಲು ಕಾಣುತ್ತದೆ: ಹೊರಹರಿವು ಬದಲಾಗದಿದ್ದರೂ ನೀರು ತಳ ಹಿಡಿದಂತೆ ಮಟ್ಟ ಬೇಗಬೇಗ ಕುಸಿಯುತ್ತದೆ.

ಲೆಕ್ಕಕ್ಕೆ ಹಿಡಿಯಬೇಕಾದದ್ದು ಒಳಹರಿವೊಂದನ್ನೇ ಅಲ್ಲ, ಅದರಲ್ಲಿ ಹೊರಹರಿವನ್ನು ಕಳೆದು ಉಳಿದದ್ದನ್ನು. ಎರಡೂ ಸಮವಾದಾಗ ಎಷ್ಟೇ ಪ್ರವಾಹವಿದ್ದರೂ ಮಟ್ಟ ಅಲುಗುವುದಿಲ್ಲ. ಹಲವು ನದಿ, ಹಳ್ಳಗಳಿಂದ ಬರುವ ನೀರನ್ನು ನೇರವಾಗಿ ಅಳೆಯುವುದು ಕಷ್ಟವಾದ್ದರಿಂದ ಎಂಜಿನಿಯರುಗಳು ಅನೇಕ ವೇಳೆ ಈ ಸಂಬಂಧವನ್ನು ಹಿಂದುಮುಂದಾಗಿ ಬಳಸುತ್ತಾರೆ. ಯಾವ ಮಟ್ಟದಲ್ಲಿ ಎಷ್ಟು ಸಂಗ್ರಹ ಮತ್ತು ಎಷ್ಟು ವಿಸ್ತೀರ್ಣ ಎಂಬುದನ್ನು ತೋರಿಸುವ ಕೋಷ್ಟಕವನ್ನು ಮುಂದಿಟ್ಟುಕೊಂಡು, ಮಟ್ಟ ಏರಿದ ದರದಿಂದ ಸಂಗ್ರಹ ಹೆಚ್ಚಿದ ದರವನ್ನು ಪಡೆದು, ಅದಕ್ಕೆ ಹೊರಬಿಟ್ಟ ನೀರನ್ನು ಕೂಡಿಸಿ ಒಳಹರಿವನ್ನು ಅಂದಾಜು ಮಾಡುತ್ತಾರೆ.

ಕೇಳಿದ್ದು ಯಾವುದರ ದರ

ದೀಪದ ಕಂಬದಿಂದ ದೂರ ಸರಿಯುವ ವ್ಯಕ್ತಿಯ ನೆರಳಿನ ಲೆಕ್ಕದಲ್ಲಿ ತೊಡಕು ಬೇರೆಡೆ ಇದೆ. ದೀಪ 6.4 ಮೀಟರ್ ಎತ್ತರದಲ್ಲಿದ್ದು, 1.6 ಮೀಟರ್ ಎತ್ತರದ ವ್ಯಕ್ತಿ ಸೆಕೆಂಡಿಗೆ 1.5 ಮೀಟರ್ ನಡೆಯುತ್ತಿದ್ದರೆ, ಸಮರೂಪ ತ್ರಿಭುಜಗಳಿಂದ ನೆರಳಿನ ಉದ್ದವು ಕಂಬದಿಂದ ಆತನಿಗಿರುವ ದೂರದ ಮೂರನೆಯ ಒಂದು ಭಾಗ ಎಂದು ತಿಳಿಯುತ್ತದೆ. ಆದ್ದರಿಂದ ನೆರಳಿನ ಉದ್ದವು ಸೆಕೆಂಡಿಗೆ 0.5 ಮೀಟರ್ ಬೆಳೆಯುತ್ತದೆ. ನೆರಳಿನ ತುದಿಯಾದರೋ ವ್ಯಕ್ತಿಯ ನಡಿಗೆಯೂ ನೆರಳಿನ ಬೆಳವಣಿಗೆಯೂ ಕೂಡಿ ನೆಲದ ಮೇಲೆ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಓಡುತ್ತದೆ. ಪ್ರಶ್ನೆ ಯಾವುದನ್ನು ಕೇಳಿದೆ ಎಂಬುದನ್ನು ಚಿತ್ರ ಬರೆದು, ಪ್ರತಿ ಉದ್ದಕ್ಕೂ ಹೆಸರಿಟ್ಟು ನೋಡದ ಹೊರತು ಈ ಎರಡು ಉತ್ತರಗಳು ಒಂದರೊಳಗೊಂದು ಕಲೆಸಿಹೋಗುತ್ತವೆ.

ಪೊಲೀಸರ ಸ್ಪೀಡ್ ಗನ್‌ನಲ್ಲಿಯೂ ಇದೇ ಭೇದ ಇದೆ. ಅದು ಕಳುಹಿಸಿದ ಅಲೆಗಳು ವಾಹನಕ್ಕೆ ತಾಗಿ ಮರಳುವಾಗ ಆಗುವ ಆವರ್ತದ ವ್ಯತ್ಯಾಸದಿಂದ, ಅಂದರೆ ಡಾಪ್ಲರ್ ಪರಿಣಾಮದಿಂದ, ತಿಳಿಯುವುದು ಉಪಕರಣಕ್ಕೂ ವಾಹನಕ್ಕೂ ನಡುವಿನ ದೂರ ಕಡಿಮೆಯಾಗುವ ದರ. ರಸ್ತೆಯುದ್ದಕ್ಕೂ ವಾಹನ ಓಡುವ ವೇಗವಲ್ಲ. ಉಪಕರಣ ರಸ್ತೆಯಿಂದ 60 ಮೀಟರ್ ಪಕ್ಕದಲ್ಲಿದ್ದು, ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಉಪಕರಣದ ನೇರಕ್ಕೆ ಬರಲು ಇನ್ನೂ 80 ಮೀಟರ್ ಇದೆಯೆಂದುಕೊಂಡರೆ, ಅವುಗಳ ನಡುವಿನ ನೇರ ದೂರ 100 ಮೀಟರ್ ಆಗುತ್ತದೆ ಮತ್ತು ಅದು ಕಡಿಮೆಯಾಗುವ ದರ ಗಂಟೆಗೆ 80 ಕಿಲೋಮೀಟರ್ ಮಾತ್ರ. ಕಾರು ಉಪಕರಣದ ನೇರಕ್ಕೆ ಬಂದ ಕ್ಷಣದಲ್ಲಿ ಆ ದರ ಶೂನ್ಯ. ಉಪಕರಣವನ್ನು ರಸ್ತೆಯ ದಿಕ್ಕಿಗೆ ಆದಷ್ಟು ಹತ್ತಿರದ ಕೋನದಲ್ಲಿ ಹಿಡಿಯಬೇಕಾಗುವುದು ಇದರಿಂದಲೇ. ಕೋನದಿಂದಾಗುವ ಈ ವ್ಯತ್ಯಾಸವು ಚಾಲಕನ ಪರವಾಗಿಯೇ ಇರುತ್ತದೆ.

ಚಂದ್ರನ ತಾತ್ಕಾಲಿಕ ಗತಿ

ಕಲನಶಾಸ್ತ್ರವು ಯುರೋಪಿನಲ್ಲಿ ರೂಪುಗೊಳ್ಳುವುದಕ್ಕೆ ಐನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಭಾರತೀಯ ಜ್ಯೋತಿರ್ಗಣಿತದಲ್ಲಿ ಇಂತಹುದೇ ಒಂದು ಲೆಕ್ಕ ಎದುರಾಗಿತ್ತು. ಸೂರ್ಯನಿಂದ ಚಂದ್ರನು 12 ಡಿಗ್ರಿ ಮುಂದೆ ಸರಿಯುವ ಅವಧಿಯೇ ತಿಥಿಯಾದ್ದರಿಂದ, ತಿಥಿ ಯಾವಾಗ ಮುಗಿಯುತ್ತದೆ ಎಂದು ಹೇಳಲು ಚಂದ್ರನ ಸ್ಥಾನದ ಜೊತೆಗೆ ಆ ಹೊತ್ತಿನ ಅವನ ವೇಗವೂ ತಿಳಿದಿರಬೇಕು. ಚಂದ್ರನು ದಿನಕ್ಕೆ ಸರಾಸರಿ 13 ಡಿಗ್ರಿಗೂ ತುಸು ಹೆಚ್ಚು ಚಲಿಸಿದರೂ, ನಿಜವಾದ ಗತಿ ಸುಮಾರು 12ರಿಂದ 15 ಡಿಗ್ರಿಗಳ ನಡುವೆ ಏರಿಳಿಯುತ್ತದೆ.

ಗ್ರಹದ (ಈ ಗಣಿತದಲ್ಲಿ ಚಂದ್ರನೂ ಗ್ರಹವೇ) ಮಧ್ಯಮ ಸ್ಥಾನಕ್ಕೆ, ಎಂದರೆ ಸಮವೇಗದಲ್ಲಿ ಚಲಿಸಿದ್ದರೆ ಇರಬೇಕಾಗಿದ್ದ ಸ್ಥಾನಕ್ಕೆ, ಒಂದು ತಿದ್ದುಪಡಿಯನ್ನು ಕೂಡಿಸಿ ಅಥವಾ ಕಳೆದು ಸ್ಪಷ್ಟ ಸ್ಥಾನವನ್ನು ಪಡೆಯಲಾಗುತ್ತಿತ್ತು. ಆ ತಿದ್ದುಪಡಿಯು ಕೇಂದ್ರವೆಂಬ ಕೋನದ ಜ್ಯಾವನ್ನು, ಇಂದಿನ ಮಾತಿನಲ್ಲಿ ಸೈನ್ ಬೆಲೆಯನ್ನು, ಅವಲಂಬಿಸಿರುತ್ತದೆ. ಕೋನ ಬದಲಾಗುವ ದರ ಗೊತ್ತಿರುವಾಗ ಅದರ ಜ್ಯಾ ಬದಲಾಗುವ ದರವೇನು ಎಂಬುದು ಹಾಗಾಗಿ ಇಲ್ಲಿ ಏಳುವ ಪ್ರಶ್ನೆ. ಇದು ನಿಸ್ಸಂದೇಹವಾಗಿ ಸಂಬಂಧಿತ ದರದ ಲೆಕ್ಕ. 932ರ ಕಾಲದ ಮಂಜುಲನ ಲಘುಮಾನಸದಲ್ಲಿ ಇದಕ್ಕೆ ಉತ್ತರವಾಗುವ ನಿಯಮ ಆಗಲೇ ಇದೆ. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಎರಡನೆಯ ಭಾಸ್ಕರಾಚಾರ್ಯನು ಇಡೀ ದಿನಕ್ಕೆ ಒಂದೇ ಎಂದು ಹಿಡಿಯುವ ಸ್ಥೂಲ ಗತಿಯನ್ನೂ ಆ ಕ್ಷಣದ ತಾತ್ಕಾಲಿಕ ಗತಿಯನ್ನೂ ಬೇರ್ಪಡಿಸಿ, ಚಂದ್ರನ ಗತಿ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ತಿಥ್ಯಂತವು ಸಮೀಪದಲ್ಲಿದ್ದಾಗ ತಾತ್ಕಾಲಿಕ ಗತಿಯನ್ನೇ ಬಳಸಬೇಕೆಂದು ವಿಧಿಸಿದ.

ಆತ ಅದನ್ನು ಸಮರ್ಥಿಸಿದ ಬಗೆ ಗಮನಾರ್ಹವಾದದ್ದು. ಜ್ಯಾ ಕೋಷ್ಟಕದಲ್ಲಿ ಕೋನವು 225 ಕಲೆಗಳಷ್ಟು (ಕಲೆ ಎಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ) ಹೆಚ್ಚುವ ಒಂದೊಂದು ಹೆಜ್ಜೆಗೂ ಜ್ಯಾ ಎಷ್ಟು ಹೆಚ್ಚುತ್ತದೆ ಎಂಬುದು ಇರುತ್ತದೆ. ಕೋಟಿಜ್ಯಾ, ಎಂದರೆ ಇಂದಿನ ಕೊಸೈನ್, ತ್ರಿಜ್ಯಕ್ಕೆ ಸಮನಾಗಿರುವಲ್ಲಿ ಆ ಹೆಚ್ಚಳ 225 ಆಗಿದ್ದರೆ, ಬೇಕಾದ ಕೋಟಿಜ್ಯಾಕ್ಕೆ ಎಷ್ಟು ಎಂದು ಆತ ತ್ರೈರಾಶಿಕವನ್ನು ಹೂಡುತ್ತಾನೆ. ಇದರಿಂದ ಜ್ಯಾದ ದರವು ಕೋನದ ದರವನ್ನು ಕೋಟಿಜ್ಯಾದಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದಷ್ಟು ಎಂದಾಗುತ್ತದೆ. ತಿದ್ದುಪಡಿ ಗರಿಷ್ಠವಾಗಿರುವಲ್ಲಿ ಅದರ ದರ ಶೂನ್ಯವೆಂಬುದನ್ನೂ ಭಾಸ್ಕರನು ಗುರುತಿಸಿದ್ದಾನೆ. ಇದು ಗ್ರಹಗತಿಗೆಂದು ಕಟ್ಟಿದ ನಿಯಮವೇ ಹೊರತು ಯಾವುದೇ ವಕ್ರಕ್ಕೂ ಅನ್ವಯವಾಗುವ ಸಾಮಾನ್ಯ ವಿಧಾನವಲ್ಲ. ಆದರೂ ಸಂಬಂಧಿತ ದರಗಳ ತಿರುಳು ಇದರಲ್ಲಿ ನಿಚ್ಚಳವಾಗಿದೆ.

ಕ್ಷಣದ ತ್ರೈರಾಶಿಕ

ಮೇಲಿನ ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವೆಲ್ಲವುಗಳಲ್ಲೂ ಇರುವ ರಚನೆ ಒಂದೇ. ರಾಶಿಗಳ ನಡುವಿನ ಸಂಬಂಧದಲ್ಲಿ ವರ್ಗ, ಘನ, ಜ್ಯಾಗಳಿದ್ದು ಅದು ವಕ್ರವಾಗಿರಬಹುದು. ಏಣಿಯ ಬುಡ ಇಮ್ಮಡಿ ದೂರ ಹೋದರೆ ತುದಿ ಇಮ್ಮಡಿ ಇಳಿಯುವುದಿಲ್ಲ. ಆದರೆ ಒಂದು ಕ್ಷಣವನ್ನು ಆರಿಸಿಕೊಂಡ ಮೇಲೆ, ಆ ಕ್ಷಣದ ದರಗಳ ನಡುವಿನ ಸಂಬಂಧ ಸರಳ ಅನುಪಾತ. ಬುಡವು 3 ಮೀಟರ್ ದೂರದಲ್ಲಿರುವಾಗ ತುದಿಯ ವೇಗವು ಬುಡದ ವೇಗದ ಮುಕ್ಕಾಲು ಪಾಲು; ಬುಡವನ್ನು ಇಮ್ಮಡಿ ವೇಗದಲ್ಲಿ ಎಳೆದರೆ ತುದಿಯೂ ಇಮ್ಮಡಿ ವೇಗದಲ್ಲಿ ಇಳಿಯುತ್ತದೆ. ಏಣಿಯಲ್ಲಿ ದೂರ ಮತ್ತು ಎತ್ತರಗಳ ಅನುಪಾತ, ಪಾತ್ರೆಯಲ್ಲಿ ಮೇಲ್ಮೈ ವಿಸ್ತೀರ್ಣದ ವಿಲೋಮ, ಚಂದ್ರನ ಗತಿಯಲ್ಲಿ ಕೋಟಿಜ್ಯಾ ಮತ್ತು ತ್ರಿಜ್ಯಗಳ ಅನುಪಾತ ಒಂದು ದರದಿಂದ ಇನ್ನೊಂದನ್ನು ಕೊಡುವ ಗುಣಕವಾಗಿ ಬರುತ್ತವೆ.

ಆದುದರಿಂದ ಇಂತಹ ಲೆಕ್ಕವನ್ನು ಕೈಗೆತ್ತಿಕೊಂಡ ವಿದ್ಯಾರ್ಥಿ ಚಿತ್ರ ಬರೆದು, ಬದಲಾಗುವವುಗಳಿಗೆ ಹೆಸರಿಟ್ಟು, ಬದಲಾಗದವುಗಳಿಗೆ ಸಂಖ್ಯೆಯಿಟ್ಟು, ಎಲ್ಲ ಕ್ಷಣಗಳಿಗೂ ಸಲ್ಲುವ ಸಂಬಂಧವನ್ನು ಬರೆದು, ಅದನ್ನು ಕಾಲದ ದೃಷ್ಟಿಯಿಂದ ಅವಕಲಿಸಿ, ಕೊನೆಗೆ ಆ ಕ್ಷಣದ ಅಳತೆಗಳನ್ನು ತುಂಬಬೇಕೆಂಬ ಕ್ರಮ ಪರೀಕ್ಷೆಗಾಗಿ ಕಲ್ಪಿಸಿದ ಕಟ್ಟಳೆಯಲ್ಲ. ಗುಣಕವು ಕ್ಷಣದಿಂದ ಕ್ಷಣಕ್ಕೆ ಬದಲಾಗುತ್ತದೆ. ಹೇಗೆ ಬದಲಾಗುತ್ತದೆ ಎಂಬುದು ಇಡೀ ಸಂಬಂಧದಲ್ಲಿ ಅಡಗಿರುವುದರಿಂದ, ಆ ಸಂಬಂಧವನ್ನು ಒಂದು ಕ್ಷಣದ ಸಂಖ್ಯೆಗಳಿಂದ ಮುಚ್ಚಿಹಾಕುವ ಮೊದಲೇ ಗುಣಕವನ್ನು ಹೊರತೆಗೆಯಬೇಕು. ಕಲನಶಾಸ್ತ್ರದ ಕೆಲಸ ಅಷ್ಟೇ. ಗುಣಕ ಕೈಗೆ ಬಂದ ಮೇಲೆ ಉಳಿಯುವುದು ಪ್ರಾಥಮಿಕ ಶಾಲೆಯಲ್ಲಿ ಕಲಿತ ತ್ರೈರಾಶಿಕ.